ಅಲ್ಪವೃಷ್ಟಿಯ ಗೋಧಿಸೀಮೆಯಲ್ಲಿ ವಸಂತಕಾಲದ ಬಿತ್ತನೆ

ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಪೂರ್ವಭಾಗವು ಕ್ಯಾಸ್ಕೇಡ್ ಪರ್ವತಗಳ ಮರೆಯಲ್ಲಿರುವುದರಿಂದ ಅಲ್ಲಿಗೆ ಮಳೆ ಬಹಳ ಕಡಿಮೆ. ಅನೇಕ ಕಡೆ ವರ್ಷಕ್ಕೆ 12 ಅಂಗುಲವೂ ಆಗುವುದಿಲ್ಲ; ಆದುದರಲ್ಲಿಯೂ ಹೆಚ್ಚಿನ ಪಾಲು ಅಕ್ಟೋಬರಿನಿಂದ ಮಾರ್ಚಿಯವರೆಗೆ ಮಳೆಯಾಗಿಯೂ ಹಿಮವಾಗಿಯೂ ಬೀಳುತ್ತದೆ. ಕನ್ನಡನಾಡಿನ ಎರೆಭೂಮಿಯ ಹಿಂಗಾರಿ ಜೋಳದಂತೆ ಅಲ್ಲಿನ ಗೋಧಿಯೂ ಮಣ್ಣಿನಲ್ಲಿ ಕೂಡಿಟ್ಟ ಹಸಿಯನ್ನೇ ನಂಬಿ ಬೆಳೆಯತಕ್ಕದ್ದು.

ಈ ಕಾರಣದಿಂದ ಅಲ್ಲಿನ ಒಕ್ಕಲಿಗರು ಎರಡು ವರ್ಷಕ್ಕೆ ಒಂದೇ ಬೆಳೆ ತೆಗೆಯುವ ರೂಢಿಯನ್ನಿಟ್ಟುಕೊಂಡಿರುವರು. ಒಂದು ವರ್ಷ ಭೂಮಿಯನ್ನು ಬೀಳು ಬಿಟ್ಟು, ಆಗಸ್ಟಿನ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಹಸಿ ಸಿಕ್ಕುವಷ್ಟು ಆಳಕ್ಕೆ ಕೂರಿಗೆಯಿಂದ ಗೋಧಿಯನ್ನು ಬಿತ್ತಿ, ಮುಂದಿನ ಬೇಸಗೆಯಲ್ಲಿ ಕೊಯ್ಯುವರು. ಆದರೆ ಬೀಳುಭೂಮಿಯನ್ನು ಮತ್ತೆ ಮತ್ತೆ ಉತ್ತು ಪುಡಿಮಾಡಿದಲ್ಲಿ ಗಾಳಿಯು ಮೇಲ್ಮಣ್ಣನ್ನೇ ಹೊತ್ತೊಯ್ಯುತ್ತದೆ. ಚಳಿಗಾಲದ ಗೋಧಿಯೊಡನೆ ಹುಟ್ಟುವ ಹುಲ್ಲುಕಳೆಗಳೂ ವರ್ಷ ವರ್ಷಕ್ಕೆ ಹೆಚ್ಚುತ್ತವೆ. ಮಾರ್ಚಿಯಲ್ಲಿ ಆ ಕಳೆಗಳನ್ನು ಕೊಂದು, ವಸಂತಕಾಲದ ಗೋಧಿಯನ್ನಾಗಲಿ ಬಾರ್ಲಿಯನ್ನಾಗಲಿ ಬಿತ್ತಿದರೆ ಈ ಎರಡು ಕೇಡೂ ತಗ್ಗುವುವು. ಚಳಿಗೆ ಸತ್ತ ಗೋಧಿಯ ಹೊಲಕ್ಕೂ ಇದೇ ದಾರಿ.

ಹಾಗೆಂದು ವರ್ಷವೂ ಬಿತ್ತಬಹುದೆಂದು ತಿಳಿಯಬಾರದು. ಬೀಳು ಬಿಡದೆ ಪ್ರತಿವರ್ಷ ವಸಂತದ ಧಾನ್ಯ ಬೆಳೆದ ಪರೀಕ್ಷೆಗಳಲ್ಲಿ ಮಣ್ಣು ಉಳಿಯಿತೇ ಹೊರತು ಆದಾಯವು ಹಳೆಯ ಪದ್ಧತಿಗೆ ಸರಿಗಟ್ಟಲಿಲ್ಲ. ಆದುದರಿಂದ ಬಿತ್ತುವುದೋ ಬಿಡುವುದೋ ಎಂಬುದನ್ನು ಪಂಚಾಂಗ ನೋಡಿ ಅಲ್ಲ, ನೆಲವನ್ನು ಅಳೆದು ನಿಶ್ಚಯಿಸಬೇಕು.

ಅಳತೆಯು ಸುಲಭ. ಚಳಿಗಾಲ ಕಳೆದ ಮೇಲೆ ಕಬ್ಬಿಣದ ಸಲಾಕಿಯೊಂದನ್ನು ಹೊಲದ ಹತ್ತಾರು ಕಡೆ ಒತ್ತಿ ಇಳಿಸತಕ್ಕದ್ದು. ಹಸಿ ಇರುವವರೆಗೆ ಅದು ಸಲೀಸಾಗಿ ಇಳಿದು, ಒಣಮಣ್ಣು ತಗಲಿದೊಡನೆ ನಿಲ್ಲುತ್ತದೆ. ಕಲ್ಲು ತಗಲಿ ನಿಂತರೆ ಪಕ್ಕದಲ್ಲಿ ಮತ್ತೊಮ್ಮೆ ನೋಡಬೇಕು. ಅಲ್ಲಿನ ನಯವಾದ ಗೋಡುಮಣ್ಣು ಅಡಿಯೊಂದಕ್ಕೆ ಸುಮಾರು 2 ಅಂಗುಲ ನೀರನ್ನು ಪೈರಿಗೆ ಒದಗಿಸಬಲ್ಲುದು. 1959ರಲ್ಲಿ ಪ್ರಕಟವಾದ ಲೆಕ್ಕದಂತೆ ಮೊದಲ 4 ಅಂಗುಲ ನೀರು ಗಿಡದ ಬೆಳವಣಿಗೆಗೇ ತೀರುತ್ತದೆ. ಅದರ ಮೇಲಿನ ಪ್ರತಿ ಅಂಗುಲಕ್ಕೆ ಎಕರೆಗೆ ಸುಮಾರು 350 ರಾತ್ಲು ಗೋಧಿ ದೊರೆಯುತ್ತದೆ. ಮೂರು ಅಡಿ ಹಸಿ ಇದ್ದು, ಮುಂದೆ ಎರಡೂವರೆ ಅಂಗುಲ ಮಳೆ ಬಂದರೆ ಒಟ್ಟು ಎಂಟೂವರೆ ಅಂಗುಲ. ಬೆಳೆ 1,500 ರಾತ್ಲು ಮೀರಬಹುದು. ಒಂದೂವರೆ ಅಡಿ ಮಾತ್ರ ಹಸಿ ಇದ್ದರೆ ಅದೇ ಮಳೆಗೆ 500 ರಾತ್ಲಿನಷ್ಟೇ. ಬೀಜದ ಕ್ರಯ, ಗೊಬ್ಬರ, ಕೂಲಿಗಳನ್ನು ಕಳೆದರೆ ಇಂಥ ಬೆಳೆಯಲ್ಲಿ ಉಳಿಯುವುದೇನು? ಹೊಸ ತಳಿಗಳಿಗೆ ಮೊದಲಿನಷ್ಟು ನೀರು ಬೇಡವೆಂದು 2008ರ ಪರೀಕ್ಷೆಗಳಿಂದ ತಿಳಿದಿದೆ. ಆದರೂ ಸಾಲ ಮಾಡಿ ಬಿತ್ತುವವನಿಗೆ ಹಳೆಯ ಲೆಕ್ಕವೇ ಕ್ಷೇಮ.

ಬಿತ್ತುವುದಾದರೆ ಭೂಮಿಯು ಕೂರಿಗೆಯನ್ನು ತಡೆಯುವಷ್ಟು ಆರಿದೊಡನೆ ಬಿತ್ತಬೇಕು. ತಡವಾದಷ್ಟೂ ಕಾಳು ಕಟ್ಟುವ ಕಾಲವು ಬೇಸಗೆಯ ಝಳಕ್ಕೆ ಸಿಕ್ಕುತ್ತದೆ. ಮೇಲ್ಮಣ್ಣಿನಲ್ಲಿ ಹಸಿ ಇರುವುದರಿಂದ ಒಂದು, ಒಂದೂವರೆ ಅಂಗುಲದ ಆಳ ಸಾಕು. ಹಿಂದಿನ ಬೆಳೆಯ ಕೂಳೆಯನ್ನು ಸುಡದೆ ನಿಲ್ಲಿಸಿದ್ದರೆ ಅದು ಹಿಮವನ್ನು ಹಿಡಿದು ಹಸಿಯನ್ನು ಹೆಚ್ಚಿಸಿರುತ್ತದೆ.

ವಸಂತದ ಪೈರಿಗೆ ದೊಡ್ಡ ಶತ್ರುವೆಂದರೆ ರಷ್ಯನ್ ಥಿಸಲ್ ಎಂಬ ಕಳೆ. ಪೈರು ತೆಳುವಾಗಿರುವಲ್ಲಿ ಇದು ಹಬ್ಬಿ, ಒಣಗಿದ ಮೇಲೆ ಬುಡ ಮುರಿದು ಗಾಳಿಗೆ ಉರುಳುತ್ತಾ ಬೀಜ ಚೆಲ್ಲುತ್ತದೆ. ಒಂದೊಂದು ಗಿಡವು ಪೈರಿನೊಡನಿರುವಾಗ ಸುಮಾರು 70 ಲೀಟರ್ ನೀರನ್ನೂ, ಕೊಯಿಲಾದ ಮೇಲೆ ಮಂಜು ಬಿದ್ದು ಸಾಯುವವರೆಗೆ ಇನ್ನೂ 100 ಲೀಟರನ್ನೂ ಹೀರಿದುದನ್ನು ಅಲ್ಲಿ ಅಳೆದು ನೋಡಿದ್ದಾರೆ. ಕಾಳು ಮನೆ ಸೇರಿತೆಂದು ಹೊಲವನ್ನು ಮರೆತವನು ಮುಂದಿನ ಬೆಳೆಯ ನೀರನ್ನು ಕಳೆಗೆ ಕುಡಿಸಿದಂತಾಯಿತು. ಕೊಯಿಲಾದ ಕೂಡಲೇ, ಬೀಜ ಬಲಿಯುವ ಮೊದಲು, ಕೂಳೆಯು ಮಣ್ಣಿನಲ್ಲಿ ಹೂತುಹೋಗದಂತೆ ಅಗಲವಾದ ಕುಂಟೆಯನ್ನು ಹಾಯಿಸಿ ಇದರ ಬೇರನ್ನು ಕತ್ತರಿಸತಕ್ಕದ್ದು.