ಮುಂಗಡದ ಕಟ್ಟು, ವಿಶ್ವಾಸದ ನಂಟು: ನೌಕರರೊಡನೆ ನ್ಯಾಯವಾದ ನಡವಳಿಕೆಯಿಂದ ಉದ್ಯಮಕ್ಕೂ ಸಮಾಜಕ್ಕೂ ಲಾಭ

ಹುಣಸೂರಿನ ಮರದ ಮಿಲ್ಲುಗಳಲ್ಲಿ, ಪಿರಿಯಾಪಟ್ಟಣದ ಹೊಗೆಸೊಪ್ಪಿನ ವಹಿವಾಟಿನಲ್ಲಿ, ಕೆ.ಆರ್. ನಗರದ ಅಕ್ಕಿ ಗಿರಣಿಗಳಲ್ಲಿ, ಎಚ್.ಡಿ. ಕೋಟೆಯ ಅಂಗಡಿ ಮಳಿಗೆಗಳಲ್ಲಿ ಇಂದು ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ‘ಕೆಲಸಕ್ಕೆ ಆಳುಗಳು ಸಿಗುತ್ತಿಲ್ಲ.’ ಕಾಫಿ ಕೊಯ್ಲಿನ ಕಾಲದಲ್ಲಿ ಕೊಡಗಿನ ತೋಟಗಳು ನಮ್ಮ ಕೆಲಸಗಾರರನ್ನು ಸೆಳೆಯುತ್ತವೆ. ಶುಂಠಿಯ ಹೊಲಗಳು, ಮೈಸೂರು ಬೆಂಗಳೂರುಗಳ ಕಟ್ಟಡ ಕಾಮಗಾರಿಗಳು ಸಹ ಸೆಳೆಯುತ್ತವೆ. ಇದು ನಿಜವೇ. ಆದರೆ ಆಳುಗಳು ಸಿಗುತ್ತಿಲ್ಲವೋ, ಸಿಕ್ಕವರು ನಮ್ಮಲ್ಲಿ ನಿಲ್ಲುತ್ತಿಲ್ಲವೋ ಎಂಬ ಪ್ರಶ್ನೆಯನ್ನು ವರ್ತಕ ಬಾಂಧವರು ತಮಗೆ ತಾವೇ ಹಾಕಿಕೊಳ್ಳುವುದು ಒಳಿತು. ಈ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಲೆಕ್ಕದ ಪುಸ್ತಕದ ದೃಷ್ಟಿಯಿಂದಲೇ ಪರಿಶೀಲಿಸುವುದಾಗಿದೆ.

ನಮ್ಮ ನೆಲದ ಪಾಠ

ಈ ವಿಷಯದಲ್ಲಿ ನಾವು ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಸಾಲಕ್ಕೆ ಪ್ರತಿಯಾಗಿ ಮನುಷ್ಯನನ್ನೇ ಒತ್ತೆಯಿಟ್ಟುಕೊಳ್ಳುವ ಜೀತಪದ್ಧತಿ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದಿತು. ತಂದೆ ಪಡೆದ ಸಾಲಕ್ಕೆ ಮಗ ದುಡಿಯುತ್ತಿದ್ದ ಪ್ರಸಂಗಗಳೂ ಇದ್ದವು. 1975ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಇದನ್ನು ರದ್ದುಗೊಳಿಸಿ, 1976ರಲ್ಲಿ ಜೀತಪದ್ಧತಿ ನಿರ್ಮೂಲನ ಕಾಯಿದೆಯನ್ನು ತಂದಿತು. ಆಗ ರಾಜ್ಯದಲ್ಲಿ ಅಧಿಕಾರದಲ್ಲಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು. 1974ರ ಭೂಸುಧಾರಣೆ, 1976ರ ಋಣ ಪರಿಹಾರ ಕಾಯಿದೆಗಳೊಡನೆ ಜೀತವಿಮುಕ್ತಿಯೂ ಅವರ ಆಡಳಿತದ ಹೆಗ್ಗುರುತಾಯಿತು.

ಕಾಯಿದೆ ಬಂದರೂ ಅದರ ನೆರಳು ಪೂರ್ತಿ ಅಳಿಯಲಿಲ್ಲ. ಹಂಗಾಮಿಗೆ ಮೊದಲೇ ‘ಮುಂಗಡ’ ಕೊಟ್ಟು, ಅದು ತೀರುವವರೆಗೆ ಬೇರೆಡೆ ಹೋಗದಂತೆ ತಡೆಯುವ ರೂಢಿ ಅಲ್ಲಲ್ಲಿ ಉಳಿದುಕೊಂಡಿದೆ. ಮದುವೆಗೋ ಆಸ್ಪತ್ರೆಯ ಖರ್ಚಿಗೋ ಕಷ್ಟದಲ್ಲಿ ಕೈಗಡ ಕೊಡುವುದು ತಪ್ಪಲ್ಲ. ಅದು ಔದಾರ್ಯವೇ ಸರಿ. ಆದರೆ ಆ ಹಣ ಕೆಲಸಗಾರನ ಕಾಲಿಗೆ ಹಗ್ಗವಾದರೆ ಕಾನೂನಿನ ದೃಷ್ಟಿಯಲ್ಲಿ ಅದೇ ಜೀತ. ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ, ಸ್ಪಷ್ಟಪಡಿಸಿದೆ.

ಕಾನೂನಿನ ಮಾತು ಹಾಗಿರಲಿ. ಕಟ್ಟಿಹಾಕಲ್ಪಟ್ಟವನು ಮೈಗಳ್ಳನಾಗುವುದು ಸಹಜ. ಅವನ ಕೈ ನಮ್ಮಲ್ಲಿರುತ್ತದೆ, ಮನಸ್ಸು ಇರುವುದಿಲ್ಲ. ಮುಂಗಡ ತೀರಿದ ಮರುದಿನವೇ ಆತ ಹೊರಟುಹೋಗುತ್ತಾನೆ. ಕೆಲವೊಮ್ಮೆ ತೀರುವ ಮೊದಲೇ ಕಾಣೆಯಾಗುತ್ತಾನೆ. ಆಗ ಹಣವೂ ಇಲ್ಲ, ಆಳೂ ಇಲ್ಲ.

ಲಾಭ ನಷ್ಟದ ಲೆಕ್ಕ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ದಿನಕ್ಕೆ 100 ಕ್ವಿಂಟಾಲ್ ಭತ್ತ ಅರೆಯುವ ಗಿರಣಿಯೊಂದರಲ್ಲಿ 66 ಕ್ವಿಂಟಾಲ್ ಅಕ್ಕಿ ದೊರೆಯುತ್ತದೆ ಎನ್ನೋಣ. ರಬ್ಬರ್ ರೋಲುಗಳ ಅಂತರವನ್ನು ಭತ್ತದ ತೇವಕ್ಕೆ ತಕ್ಕಂತೆ ಹೊಂದಿಸಬಲ್ಲ ಅನುಭವಿ ಕೆಲಸ ಬಿಟ್ಟುಹೋದನು. ಹೊಸಬನ ಕೈಯಲ್ಲಿ ಆ ಅಕ್ಕಿಯಲ್ಲಿ ಶೇಕಡ 2ರಷ್ಟು, ಅಂದರೆ 1.32 ಕ್ವಿಂಟಾಲ್, ಹೆಚ್ಚುವರಿಯಾಗಿ ನುಚ್ಚಾಯಿತು. ಅಕ್ಕಿಗೂ ನುಚ್ಚಿಗೂ ಕ್ವಿಂಟಾಲಿಗೆ 1,500 ರೂಪಾಯಿ ವ್ಯತ್ಯಾಸವಿದೆ ಎಂದಿಟ್ಟುಕೊಂಡರೆ ದಿನದ ನಷ್ಟ 1,980 ರೂಪಾಯಿ. ಆತ ಕೆಲಸ ಕಲಿಯಲು 15 ದಿನ ಹಿಡಿದರೆ ಒಟ್ಟು ನಷ್ಟ 29,700 ರೂಪಾಯಿ. ಹಳೆಯ ಕೆಲಸಗಾರನಿಗೆ ದಿನಕ್ಕೆ 50 ರೂಪಾಯಿ ಹೆಚ್ಚು ಕೊಟ್ಟಿದ್ದರೂ 300 ದಿನಗಳಿಗೆ ತಗಲುತ್ತಿದ್ದುದು 15,000 ರೂಪಾಯಿ ಮಾತ್ರ. ನಮ್ಮ ಖಾತೆ ಪುಸ್ತಕದಲ್ಲಿ 15,000 ಖರ್ಚು ಎಂದು ಕಾಣಿಸುತ್ತದೆ. 29,700 ನಷ್ಟ ಎಲ್ಲಿಯೂ ಕಾಣಿಸುವುದಿಲ್ಲ. ತೊಡಕು ಇರುವುದು ಇಲ್ಲಿಯೇ.

ಹೊಗೆಸೊಪ್ಪಿನ ವಿಷಯವೂ ಹೀಗೆಯೇ. ಬ್ಯಾರನ್ನಿನ ಶಾಖವನ್ನು ಹಲವು ದಿನಗಳ ಕಾಲ ಹಂತಹಂತವಾಗಿ ಏರಿಸುತ್ತ ರಾತ್ರಿಯಿಡೀ ಎಚ್ಚರವಿರುವವನ ಶ್ರದ್ಧೆಯ ಮೇಲೆ ಎಲೆಯ ಬಣ್ಣ ನಿಂತಿದೆ. ಬಣ್ಣದ ಮೇಲೆ ಹರಾಜಿನ ದರ ನಿಂತಿದೆ. ಅಂಥ ಶ್ರದ್ಧೆಯನ್ನು ಗದರಿಕೆಯಿಂದ ಪಡೆಯಲಾಗದು.

ಅನ್ಯರ ಅನುಭವ

ದೊಡ್ಡ ಉದ್ಯಮಗಳೂ ಇದೇ ಪಾಠವನ್ನು ಕಲಿತಿವೆ. ಅಮೆರಿಕದ ಫೋರ್ಡ್ ಮೋಟಾರು ಕಾರ್ಖಾನೆಯಲ್ಲಿ 1913ರಲ್ಲಿ ಕೆಲಸ ಬಿಡುವವರ ಪ್ರಮಾಣ ಶೇಕಡ 370ರಷ್ಟಿತ್ತು. ಅಂದರೆ ನೂರು ಜಾಗಗಳಿಗೆ ವರ್ಷಕ್ಕೆ 370 ಮಂದಿಯನ್ನು ಹೊಸದಾಗಿ ಸೇರಿಸಬೇಕಾಗುತ್ತಿತ್ತು. 1914ರ ಜನವರಿಯಲ್ಲಿ ದಿನದ ಸಂಪಾದನೆಯನ್ನು ಹೆಚ್ಚುಕಡಮೆ ಇಮ್ಮಡಿಗೊಳಿಸಿ 5 ಡಾಲರಿಗೇರಿಸಿ, ಕೆಲಸದ ಅವಧಿಯನ್ನು 9 ಗಂಟೆಯಿಂದ 8ಕ್ಕೆ ಇಳಿಸಿದ ಮೇಲೆ ಈ ಪ್ರಮಾಣ ತೀವ್ರವಾಗಿ ಕುಸಿಯಿತು. ಆ ಸಂಸ್ಥೆ ನೌಕರರ ಮನೆಯ ಬದುಕಿನಲ್ಲಿಯೂ ತಲೆಹಾಕಿದ್ದು ಮಾತ್ರ ಅನುಕರಣೀಯವಲ್ಲ. ನಮ್ಮ ದೇಶದಲ್ಲಿ ಟಾಟಾ ಉಕ್ಕಿನ ಕಾರ್ಖಾನೆ 1912ರಲ್ಲಿಯೇ 8 ಗಂಟೆಗಳ ದುಡಿಮೆಯನ್ನು ಜಾರಿಗೆ ತಂದಿತು. ದೇಶದ ಕಾರ್ಖಾನೆ ಕಾಯಿದೆ ದಿನಕ್ಕೆ 9 ಗಂಟೆಗಳ, ವಾರಕ್ಕೆ 48 ಗಂಟೆಗಳ ಮಿತಿ ಹಾಕಿದ್ದು 1948ರಲ್ಲಿ. ಕಾನೂನಿಗೆ ಕಾಯದೆ ನಡೆದುಕೊಂಡುದರಿಂದ ಆ ಉದ್ಯಮ ಕ್ಷೀಣಿಸಲಿಲ್ಲ, ಬೆಳೆಯಿತು.

ಹಣವಿಲ್ಲದೆ ಕೊಡಬಹುದಾದ ಗೌರವ

ಕೆಲವು ಸುಧಾರಣೆಗಳಿಗೆ ಒಂದು ಪೈಸೆಯೂ ಬೇಕಿಲ್ಲ. ತಂದೆಯ ವಯಸ್ಸಿನ ಹಮಾಲನನ್ನು ‘ಏ, ಬಾರೋ’ ಎಂದು ಕರೆಯುವ ಬದಲು ‘ಬನ್ನಿ ಅಣ್ಣ’ ಎಂದರೆ ಮಾಲೀಕನ ಘನತೆ ಕುಗ್ಗುವುದಿಲ್ಲ. ಗಿರಾಕಿಗಳ ಎದುರಿನಲ್ಲಿ ಬೈಯದೆ, ತಪ್ಪನ್ನು ಒಳಗೆ ಕರೆದು ತಿಳಿಸಿದರೆ ತಪ್ಪು ತಿದ್ದುತ್ತದೆ, ಮುಖವೂ ಉಳಿಯುತ್ತದೆ. ಎಲ್ಲರಿಗೂ ಒಂದೇ ಲೋಟದಲ್ಲಿ ಚಹಾ, ಒಂದೇ ಕೊಡದ ನೀರು ಇರಲೇಬೇಕು. ಅಸ್ಪೃಶ್ಯತೆಯ ಆಚರಣೆ ಅನ್ಯಾಯ ಮಾತ್ರವಲ್ಲ, ಅಪರಾಧ. ಹೆಂಗಸರಿಗೆ ಪ್ರತ್ಯೇಕ ಶೌಚಾಲಯ, ಹಸಿ ಹೊಗೆಸೊಪ್ಪು ಮುಟ್ಟುವವರಿಗೆ ಕೈಗವುಸು, ಧೂಳಿನಲ್ಲಿರುವವರಿಗೆ ಮೂಗುಕವಚ ಇವು ಅಲ್ಪ ವೆಚ್ಚದ ಕಾರ್ಯಗಳು. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ದೇಹಕ್ಕಿಳಿದು ತಲೆಸುತ್ತು, ವಾಂತಿ ತರುತ್ತದೆಂಬುದನ್ನು ಮರೆಯಬಾರದು.

ಪಾಲಿಸಬೇಕಾದ ಕ್ರಮಗಳು

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳನ್ನೂ ಗಮನದಲ್ಲಿಟ್ಟುಕೊಂಡು ಸಣ್ಣ ಉದ್ಯಮಿಗಳು ಈ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

1. ಕೆಲಸಕ್ಕೆ ಸೇರಿದವರಿಗೆ ಕೆಲಸ, ಕೂಲಿ, ವೇಳೆ ನಮೂದಿಸಿದ ನೇಮಕ ಪತ್ರವನ್ನು ಕನ್ನಡದಲ್ಲಿ ಕೊಡುವುದು. ಓದು ಬಾರದವರಿಗೆ ಓದಿ ಹೇಳುವುದು.

2. ಬಟವಾಡೆಯ ದಿನವನ್ನು ನಿಗದಿಪಡಿಸಿ ತಪ್ಪದೆ ಪಾಲಿಸುವುದು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ ಕೊಡಬೇಕು. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು.

3. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲದೆ ಒಂದೇ ಕೂಲಿ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರ.

4. ಕೈಗಡ ಕೊಟ್ಟಾಗ ಚೀಟಿಯ ಎರಡು ಪ್ರತಿ ಮಾಡಿ ಒಂದನ್ನು ಕೆಲಸಗಾರನಿಗೆ ಕೊಡುವುದು, ಬಡ್ಡಿ ಹಾಕದಿರುವುದು, ಸಣ್ಣ ಕಂತುಗಳಲ್ಲಿ ಮುರಿದುಕೊಳ್ಳುವುದು. ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧವನ್ನು ಮೀರುವಂತಿಲ್ಲ. ಸಾಲವಿದೆಯೆಂದು ಯಾರನ್ನೂ ಹಿಡಿದಿಡಬಾರದು.

5. ಅನ್ವಯವಾಗುವ ಕಡೆ ಇ.ಎಸ್.ಐ., ಭವಿಷ್ಯನಿಧಿಗಳಿಗೆ ತಪ್ಪದೆ ನೋಂದಾಯಿಸುವುದು. 2019ರ ಜುಲೈನಿಂದ ಇ.ಎಸ್.ಐ. ವಂತಿಗೆ ಮಾಲೀಕರಿಗೆ ಶೇಕಡ 3.25, ನೌಕರರಿಗೆ 0.75. ಗಿರಣಿಯಲ್ಲಿ ಕೈ ಸಿಕ್ಕಿಕೊಂಡ ದಿನ ಈ ಸಣ್ಣ ಮೊತ್ತವೇ ಇಬ್ಬರನ್ನೂ ಕಾಯುತ್ತದೆ.

ಸಮಾಜಕ್ಕೆ ಸಲ್ಲುವ ಲಾಭ

ಕೂಲಿಯಾಗಿ ಹೋದ ಹಣ ಊರು ಬಿಟ್ಟು ಹೋಗುವುದಿಲ್ಲ. ಸಂತೆಯ ಹಿಂದಿನ ದಿನ ಬಟವಾಡೆಯಾದರೆ ಮರುದಿನ ಅದೇ ಹಣ ದಿನಸಿ, ಬಟ್ಟೆ, ಚಪ್ಪಲಿ, ಪಾತ್ರೆ ಅಂಗಡಿಗಳಿಗೆ ಬಂದು ಸೇರುತ್ತದೆ. ಇಂದಿನ ಕೆಲಸಗಾರನೇ ನಾಳಿನ ಗಿರಾಕಿ. ಹಾಡಿಯಿಂದ ಬಂದ ತಾಯಿಗೆ ಪೂರ್ಣ ಕೂಲಿ ಕೈಸೇರಿದರೆ ಅವಳ ಮಗು ದುಡಿಮೆಗೆ ಬಾರದೆ ಶಾಲೆಗೆ ಹೋಗುತ್ತದೆ. ಹತ್ತು ವರ್ಷದ ನಂತರ ಲೆಕ್ಕ ಬಲ್ಲ, ಯಂತ್ರ ಬಲ್ಲ ತರುಣರು ನಮ್ಮ ತಾಲ್ಲೂಕುಗಳಲ್ಲಿಯೇ ದೊರೆಯುತ್ತಾರೆ.

ಕಾಯಕಕ್ಕೆ ಪೂಜ್ಯಸ್ಥಾನ ಕೊಟ್ಟ ನಾಡು ನಮ್ಮದು. ಕಾಯಕ ಪೂಜ್ಯವಾದರೆ ಕಾಯಕ ಮಾಡುವವನೂ ಪೂಜ್ಯನೇ. ಜೀತದ ಹಗ್ಗವನ್ನು ಕಡಿಯಲು ಕಾನೂನು ಬೇಕಾಯಿತು. ವಿಶ್ವಾಸದ ನಂಟನ್ನು ಬೆಸೆಯಬೇಕಾದವರು ಮಾಲೀಕರಾದ ನಾವೇ. ಮುಂದಿನ ಬಟವಾಡೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಕೈಗಡದ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ: ಅಲ್ಲಿರುವುದು ನೆರವಿನ ಲೆಕ್ಕವೋ, ಕಟ್ಟಿನ ಲೆಕ್ಕವೋ?