ಹಾಜರಿ ಪುಸ್ತಕ ತೆರೆದಿಡಿ

ಹೈಸ್ಕೂಲಿಗೆ ಹೊಸದಾಗಿ ಪಾಠ ಮಾಡಲು ಬಂದವರೇ, ನಿಮ್ಮ ಕೈಗೆ ಮೊದಲು ಸಿಗುವುದು ಹಾಜರಿ ಪುಸ್ತಕ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಹೆಸರಿನ ಮುಂದೆ ಸಾಲಾಗಿ ನಾಲ್ಕು ದಿನ ಗೈರುಹಾಜರಿ ಕಂಡರೆ ಐದನೆಯ ದಿನ ಅವಳ ಮನೆಯ ಕಡೆ ಹೋಗಿ ಬನ್ನಿ. ಜ್ವರವೇ ಇರಬಹುದು. ಅಂಗಳದಲ್ಲಿ ಅವಳ ಮದುವೆಯ ಚಪ್ಪರದ ಗಳು ಬಂದು ಬಿದ್ದಿರಲೂಬಹುದು.

ಕಾನೂನು ಹೇಳುವುದು ಇಷ್ಟು. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಆದ ಮದುವೆ ಬಾಲ್ಯವಿವಾಹ. 2006ರ ಕಾಯ್ದೆ ಇದನ್ನು ನಿಷೇಧಿಸಿದೆ. ಇಂಥ ಮದುವೆ ನಡೆಸಿಕೊಟ್ಟವರಿಗೆ, ಒಪ್ಪಿ ಮಾಡಿಸಿದ ಹಿರಿಯರಿಗೆ 2 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. ಕೇಂದ್ರದ ಈ ಕಾಯ್ದೆಯಲ್ಲಿ ಸಾಮಾನ್ಯವಾಗಿ ಆ ಮಗುವೇ ಕೋರ್ಟಿಗೆ ಹೋಗಿ ಮದುವೆಯನ್ನು ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದು ಹೇಳಿದೆ.

ಆದರೂ ಮದುವೆಗಳು ನಿಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ. 21.3ರಷ್ಟು ಮಂದಿಗೆ 18ರ ಒಳಗೇ ಮದುವೆಯಾಗಿತ್ತು. ಮನೆಯವರನ್ನು ಕೇಳಿದರೆ ಕಾರಣಗಳು ಹೊರಬರುತ್ತವೆ. ಗುಳೆ ಹೋಗುವಾಗ ಬೆಳೆದ ಮಗಳನ್ನು ಯಾರ ಹತ್ತಿರ ಬಿಡುವುದು? ಅಕ್ಕನ ಚಪ್ಪರದಲ್ಲೇ ತಂಗಿಯದೂ ಮುಗಿದರೆ ಒಂದು ಸಾಲ ಉಳಿಯುತ್ತದಲ್ಲ? ಈ ಮಾತನ್ನು ಸಿಟ್ಟಾಗದೆ ಕೇಳಿಸಿಕೊಳ್ಳಿ. ಆದರೆ ಹುಡುಗಿ ತೆರುವ ಬೆಲೆಯನ್ನು ಮರೆಯಬೇಡಿ: ಬಿಟ್ಟುಹೋದ ಓದು, ಮೈ ಗಟ್ಟಿಯಾಗುವ ಮೊದಲೇ ಬಸಿರು, ಹೊಡೆತ ಬಿದ್ದರೂ ಎದುರಾಡಲಾಗದ ವಯಸ್ಸು.

ಇಂಥ ಮದುವೆಯ ಸುದ್ದಿ ತಿಳಿದ ಕೂಡಲೇ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಕೆಲಸ ಮಾಡುತ್ತದೆ, ಕರೆಗೆ ದುಡ್ಡು ಬೀಳುವುದಿಲ್ಲ. ತುರ್ತಿದ್ದರೆ 112. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ), ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಇಬ್ಬರೂ ಬಾಲ್ಯವಿವಾಹ ನಿಷೇಧಾಧಿಕಾರಿಗಳು. ಮದುವೆಗೆ ಮುಂಚೆಯೇ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಅದನ್ನು ಮೀರಿ ತಾಳಿ ಕಟ್ಟಿದರೂ ಆ ಮದುವೆ ಸಿಂಧುವಾಗದು. ಅಕ್ಷಯ ತದಿಗೆಯಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯುವ ಹೊಣೆಯನ್ನು ಕಾಯ್ದೆ ಜಿಲ್ಲಾಧಿಕಾರಿಗೂ ವಹಿಸಿದೆ.

ಅಧಿಕಾರಿಗಳು ಮದುವೆ ತಡೆಯಲು ಹೊರಟಾಗ ನಿಮ್ಮ ಶಾಲೆಯ ಕಬ್ಬಿಣದ ಬೀರುವಿನಲ್ಲಿರುವ ದಾಖಲಾತಿ ಪುಸ್ತಕ ಬೇಕಾಗುತ್ತದೆ. "ಹತ್ತೊಂಬತ್ತು ತುಂಬಿದೆ, ಶಾಲೆಗೆ ಹಾಕುವಾಗ ತಪ್ಪು ಬರೆಸಿದ್ದೆವು" ಎಂದು ಮನೆಯವರು ವಾದಿಸುತ್ತಾರೆ. ವಯಸ್ಸು ನಿರ್ಧರಿಸುವಾಗ ಬಾಲನ್ಯಾಯ ಕಾಯ್ದೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು. ಮೂಳೆ ಪರೀಕ್ಷೆ ಕೊನೆಗೆ. ಹಾಗಾಗಿ ಆ ಪುಸ್ತಕದಲ್ಲಿ ಒಂದು ಅಂಕಿಯನ್ನೂ ಯಾರ ಮುಲಾಜಿಗೂ ತಿದ್ದಬೇಡಿ.

ಅಧಿಕಾರಿಗಳು ಬರುತ್ತಾರೆ, ಮನೆಯವರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಹೋಗುತ್ತಾರೆ. ಹೊಸಬರು ಎಡವುವುದು ಇಲ್ಲೇ: ಮುಚ್ಚಳಿಕೆಗೆ ಸಹಿ ಬಿತ್ತು, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಹದಿನೈದು ದಿನ ಕಳೆದು, ನೆಂಟರ ಊರಿನ ಗುಡಿಯಲ್ಲಿ ಅದೇ ಮದುವೆ ಸದ್ದಿಲ್ಲದೆ ಆಗಿಹೋಗುತ್ತದೆ. ಅದಕ್ಕೇ ಮರುವಾರವೂ, ಅದರ ಮರುವಾರವೂ ಆ ಮನೆಗೆ ಹೋಗಿ. ಮನೆಯಲ್ಲಿ ಅವಳಿಗೆ ಅಪಾಯವಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಬಾಲಮಂದಿರದಲ್ಲಿ ಆಶ್ರಯ ಕೊಡಿಸುತ್ತಾರೆ. ಗುಳೆ ಹೋಗುವ ಮನೆಯಾದರೆ ಸರ್ಕಾರಿ ಹಾಸ್ಟೆಲಿನ ಅರ್ಜಿ ಹಿಡಿದುಕೊಂಡೇ ಹೋಗಿ. ಮಗಳನ್ನು ಎಲ್ಲಿ ಬಿಡುವುದೆಂದು ಅವಳ ಅಪ್ಪ ಕೇಳಿದ ಪ್ರಶ್ನೆಗೆ ನಿಮ್ಮ ಕೈಯಲ್ಲಿ ಉತ್ತರವಿರಲಿ.