ಮರದ ಗಾಡಿಯ ಓಟ: ಗೆಲ್ಲಿಸುವುದು ಭಾರವೋ, ಅಚ್ಚೋ?

ಕಾರಹುಣ್ಣಿಮೆಯಂದು ಎತ್ತುಗಳನ್ನು ಸಿಂಗರಿಸಿ ಓಡಿಸುವುದೂ, ಹದಿನೈದು ದಿನಗಳ ತರುವಾಯ ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳನ್ನು ಮಾಡುವುದೂ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಬಾಲಕರಿಗೆ ಹೊಸತಲ್ಲ. ಈ ಸೀಮೆಯಲ್ಲಿ ಖಾಲಿ ಗಾಡಾ ಓಡಿಸುವ ಸ್ಪರ್ಧೆಗಳೂ ನಡೆಯುತ್ತವೆ. ನಿಗದಿತ ಕಾಲದಲ್ಲಿ ಜೋಡೆತ್ತುಗಳು ಗಾಡಿಯನ್ನು ಎಷ್ಟು ದೂರ ಎಳೆದವೆಂದು ಅಳೆದು ಬಹುಮಾನ ಕೊಡುತ್ತಾರೆ. ಎತ್ತುಗಳಿಲ್ಲದೆ, ಇಳಿಜಾರಿನಿಂದಲೇ ಓಡುವ ಗೇಣುದ್ದದ ಮರದ ಗಾಡಿಯೊಂದನ್ನು ನಾವು ಮಾಡಿದರೆ, ಅದನ್ನು ಗೆಲ್ಲಿಸುವುದು ಯಾವುದು? ಇದನ್ನೇ ಈ ಪಾಠದಲ್ಲಿ ವಿಚಾರಿಸೋಣ.

ಇಂಥ ಓಟ ಬೇರೆ ದೇಶಗಳಲ್ಲಿಯೂ ಉಂಟು. 1953ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಮರ್ಫಿ ಎಂಬವರು ಸ್ಕೌಟ್ ಬಾಲಕರಿಗಾಗಿ ಪೈನ್ ಮರದ ಪುಟ್ಟ ಕಾರುಗಳ ಪಂದ್ಯವನ್ನು ಆರಂಭಿಸಿದರು. ಅಲ್ಲಿ ಕಾರಿನ ತೂಕ ಸಾಮಾನ್ಯವಾಗಿ 5 ಔನ್ಸು, ಅಂದರೆ ಸುಮಾರು 142 ಗ್ರಾಂ ಮೀರಕೂಡದು. ಎಂಜಿನ್ ಇಲ್ಲ, ಗುರುತ್ವವೇ ಸಾರಥಿ.

ಗಾಡಿಯ ರಚನೆ

ಸುಮಾರು 18 ಸೆಂ.ಮೀ. ಉದ್ದದ ಹಗುರವಾದ ಕಟ್ಟಿಗೆಯ ತುಂಡೊಂದನ್ನು ಆರಿಸಿರಿ. ಗಾಲಿಗಳು 4 ಸೆಂ.ಮೀ. ಅಡ್ಡಳತೆಯ ಮರದ ಬಿಲ್ಲೆಗಳಾಗಿರಲಿ. ಊರಿನ ಬಡಿಗರು ಚರಕಿಯ ಮೇಲೆ ಕಡೆದುಕೊಟ್ಟರೆ ಅವು ಸಮನಾದ ದುಂಡಗೆ ಬರುವವು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಮುಟ್ಟಿ ನೋಡಿದವರಿಗೆ ಅರಗಿನ ಬಣ್ಣ ಹಚ್ಚಿದ ಕಟ್ಟಿಗೆ ಎಷ್ಟು ನುಣುಪೆಂಬುದು ಗೊತ್ತು. ಅಷ್ಟು ನುಣುಪು ನಮ್ಮ ಗಾಡಿಯ ಮೈಗೆ ಬೇಕಿಲ್ಲ. ಗಾಲಿಯ ನಡುವಿನ ತೂತಿಗೆ ಬೇಕು.

ಅಚ್ಚಿಗೆ ಹಳೆಯ ಸೈಕಲ್ ಗಾಲಿಯ ಉಕ್ಕಿನ ಕಡ್ಡಿ ಒಳ್ಳೆಯದು; ಅದರ ದಪ್ಪ ಸುಮಾರು 2 ಮಿ.ಮೀ. ಬೈರಿಗೆಯಿಂದ ಗಾಲಿಯ ನಟ್ಟನಡುವೆ, ಕಡ್ಡಿಗಿಂತ ತುಸುವೇ ದೊಡ್ಡದಾದ ತೂತನ್ನು ಕೊರೆಯಿರಿ. ಅಚ್ಚು ಗಾಡಿಗೆ ಬಿಗಿಯಾಗಿರಬೇಕು, ಗಾಲಿ ಅದರ ಮೇಲೆ ಸಡಿಲಾಗಿ ತಿರುಗಬೇಕು. ಗಾಲಿಗೂ ಮೈಗೂ ನಡುವೆ ಗಾಜಿನ ಮಣಿಯೊಂದನ್ನು ಪೋಣಿಸಿದರೆ ಅವು ಒಂದಕ್ಕೊಂದು ಉಜ್ಜುವುದಿಲ್ಲ. ಹೊರಗೆ ಗಾಲಿ ಕಳಚದಂತೆ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಣುಕನ್ನು ತೊಡಿಸಿರಿ; ಚಕ್ಕಡಿಯ ಕಡಾಣಿಯ ಕೆಲಸವನ್ನು ಅದು ಮಾಡುತ್ತದೆ.

ಭಾರದ ಭ್ರಮೆ

ಭಾರವಾದ ಗಾಡಿಯೇ ವೇಗವಾಗಿ ಇಳಿಯುವುದೆಂದು ಹಲವರ ನಂಬಿಕೆ. ಆದರೆ ಭಾರ ಇಮ್ಮಡಿಯಾದರೆ ಎಳೆಯುವ ಬಲ ಇಮ್ಮಡಿಯಾಗುವಂತೆ, ಚಲಿಸಬೇಕಾದ ದ್ರವ್ಯವೂ ಅಚ್ಚಿನ ಘರ್ಷಣೆಯೂ ಇಮ್ಮಡಿಯಾಗುತ್ತವೆ. ಆದುದರಿಂದ ಭಾರದಿಂದ ದೊರೆಯುವ ಲಾಭ ಅಲ್ಪ: ಗಾಳಿಯ ತಡೆಯನ್ನು ಭಾರವಾದ ಗಾಡಿ ತುಸು ಚೆನ್ನಾಗಿ ಎದುರಿಸುತ್ತದೆ, ಅಷ್ಟೆ.

ಗಾಲಿಯ ತೂಕದ ಮಾತು ಬೇರೆ. ಗಾಲಿ ಮುಂದೆ ಸಾಗುವುದಲ್ಲದೆ ತಿರುಗಲೂ ಬೇಕು. ಒಟ್ಟು 150 ಗ್ರಾಂ ಗಾಡಿಯಲ್ಲಿ ನಾಲ್ಕು ಗಾಲಿಗಳೇ 30 ಗ್ರಾಂ ತೂಗಿದರೆ, ಚಲನಶಕ್ತಿಯ 11ರಲ್ಲಿ 1 ಪಾಲು ಬರಿಯ ತಿರುಗಾಟಕ್ಕೆ ಹೋಗುತ್ತದೆ. ಒಟ್ಟು ತೂಕವನ್ನು ಬದಲಿಸದೆ ಗಾಲಿಗಳನ್ನು 15 ಗ್ರಾಮಿಗೆ ಇಳಿಸಿದರೆ, ಈ ಪಾಲು 21ರಲ್ಲಿ 1ಕ್ಕೆ ಇಳಿಯುತ್ತದೆ. ಆದುದರಿಂದ ತೂಕ ಕೂಡಿಸುವುದಿದ್ದರೆ ಮೈಗೆ ಕೂಡಿಸಿರಿ, ಗಾಲಿಗಲ್ಲ.

ಅಚ್ಚಿನ ಲೆಕ್ಕ

ಗಾಲಿ ನೆಲದ ಮೇಲೆ ಉರುಳುತ್ತದೆ. ಉಜ್ಜಾಟ ನಡೆಯುವುದು ಅಚ್ಚಿನ ಬಳಿಯಲ್ಲಿ. ಗಾಲಿ ಒಂದು ಸುತ್ತು ತಿರುಗುವಾಗ ನೆಲದ ಮೇಲೆ ಸಾಗುವ ದೂರ ಗಾಲಿಯ ಸುತ್ತಳತೆಯಷ್ಟು, ಉಜ್ಜುವ ದೂರ ಅಚ್ಚಿನ ಸುತ್ತಳತೆಯಷ್ಟು ಮಾತ್ರ. 4 ಸೆಂ.ಮೀ. ಗಾಲಿಗೆ 8 ಮಿ.ಮೀ. ದಪ್ಪದ ಅಚ್ಚಿದ್ದರೆ ಉಜ್ಜುವ ದೂರ ಐದನೆಯ ಒಂದು ಪಾಲು, 2 ಮಿ.ಮೀ. ಕಡ್ಡಿಯಿದ್ದರೆ ಇಪ್ಪತ್ತನೆಯ ಒಂದು ಪಾಲು. ದೊಡ್ಡ ಗಾಲಿ, ಸಣ್ಣ ಅಚ್ಚು ಎಂಬ ಚಕ್ಕಡಿಯ ಕಟ್ಟಿನ ಮರ್ಮವಿದು. ಇನ್ನು ಕೀಲೆಣ್ಣೆಯ ಬದಲಿಗೆ ಪೆನ್ಸಿಲ್ಲಿನ ಕಡ್ಡಿಯನ್ನು ನುಣ್ಣಗೆ ಪುಡಿಮಾಡಿ ತೂತಿಗೆ ಹಾಕಿರಿ. ಅದರಲ್ಲಿರುವ ಗ್ರಾಫೈಟು ಒಣಗಿದ್ದೂ ಜಾರುತ್ತದೆ. ಎಣ್ಣೆಯಂತೆ ಧೂಳನ್ನು ಹಿಡಿಯುವುದಿಲ್ಲ.

ಅಳತೆಯ ಪ್ರಯೋಗ

ಶಾಲೆಯ ಪಡಸಾಲೆಯ ಸಮತಟ್ಟಾದ ನೆಲದ ಮೇಲೆ, ಸುಮಾರು 2 ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು ಎತ್ತಿ ಇಡಿರಿ. ಗಾಡಿ 50 ಸೆಂ.ಮೀ. ಎತ್ತರದಿಂದ ಹೊರಡಲಿ. ಹಲಗೆ ನೆಲವನ್ನು ಮುಟ್ಟುವಲ್ಲಿ ರಟ್ಟನ್ನು ಹಾಸಿದರೆ ಗಾಡಿ ಕುಪ್ಪಳಿಸುವುದಿಲ್ಲ. ಗಾಡಿಯನ್ನು ತಳ್ಳದೆ ಬಿಟ್ಟು, ಹೊರಟ ಜಾಗದ ನೇರ ಕೆಳಗಿನ ಬಿಂದುವಿನಿಂದ ಅದು ನಿಂತಲ್ಲಿಯವರೆಗೆ ನೆಲದ ಮೇಲೆ ಅಳೆಯಿರಿ. ಎತ್ತರವನ್ನು ಈ ದೂರದಿಂದ ಭಾಗಿಸಿದರೆ, ಗಾಡಿಯ ಒಟ್ಟು ತಡೆ ಅದರ ತೂಕದ ಎಷ್ಟನೆಯ ಪಾಲೆಂಬುದು ಸುಮಾರಾಗಿ ತಿಳಿಯುತ್ತದೆ. 10 ಮೀಟರ್ ಓಡಿದರೆ 20ರಲ್ಲಿ 1; 15 ಮೀಟರ್ ಓಡಿದರೆ 30ರಲ್ಲಿ 1.

ಇಲ್ಲೊಂದು ಸೋಜಿಗವುಂಟು. ಭಾರವಾದ ಗಾಲಿಗಳು ಇಳಿಜಾರಿನಲ್ಲಿ ಪಡೆದ ತಿರುಗಾಟದ ಶಕ್ತಿಯನ್ನು ಸಮನೆಲದಲ್ಲಿ ಹಿಂದಿರುಗಿಸುತ್ತವೆ. ಆದುದರಿಂದ ಅವು ಗಾಡಿಯನ್ನು ತಡಮಾಡಿಸಿದರೂ ದೂರವನ್ನು ಅಷ್ಟಾಗಿ ಕಡಿಮೆ ಮಾಡುವುದಿಲ್ಲ. ಆದರೆ ಅಚ್ಚು ನುಂಗಿದ ಶಕ್ತಿ ಶಾಖವಾಗಿ ಹೋಗುತ್ತದೆ, ಮರಳಿ ಬಾರದು. ಕಾಲದ ಪಂದ್ಯವಿರಲಿ, ದೂರದ ಪಂದ್ಯವಿರಲಿ, ಕೆಟ್ಟ ಅಚ್ಚಿನ ಗಾಡಿ ಎರಡರಲ್ಲಿಯೂ ಸೋಲುತ್ತದೆ.

ಈ ಲೆಕ್ಕ ಆಟಿಕೆಗಷ್ಟೇ ಅಲ್ಲ. ಗಟ್ಟಿಯಾದ ಸಮದಾರಿಯಲ್ಲಿ 1000 ಕಿ.ಗ್ರಾಂ. ತೂಗುವ ಚಕ್ಕಡಿಯ ತಡೆ 20ರಲ್ಲಿ 1 ಪಾಲಿದ್ದರೆ, ಎತ್ತುಗಳು 50 ಕಿ.ಗ್ರಾಂ. ತೂಕದಷ್ಟು ಬಲದಿಂದ ಸದಾ ಎಳೆಯುತ್ತಿರಬೇಕು. 30ರಲ್ಲಿ 1 ಪಾಲಿಗೆ ಇಳಿದರೆ ಸುಮಾರು 33 ಕಿ.ಗ್ರಾಮಿನಷ್ಟು ಸಾಕು. ಮಳೆಗೆ ನೆನೆದ ಎರೆನೆಲದಲ್ಲಿ ಗಾಲಿ ಹೂತು ತಡೆ ಇನ್ನೂ ಬಹಳ ಹೆಚ್ಚುತ್ತದೆ. ಮಣ್ಣನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಅಚ್ಚಿಗೆ ಎಣ್ಣೆ ಹಾಕುವುದು ನಮ್ಮ ಕೈಯಲ್ಲಿದೆ. ಒಣಗಿದ ಅಚ್ಚಿನ ದಂಡವನ್ನು ತೆರುವುದು ಎತ್ತಿನ ಹೆಗಲು.

ಓದುಗರು ಮಾಡಿ ನೋಡಬೇಕಾದುದು: ಒಂದೇ ಗಾಡಿಯನ್ನು ಗ್ರಾಫೈಟಿನ ಪುಡಿ ಹಾಕುವ ಮೊದಲು ಐದು ಸಲ, ಹಾಕಿದ ಮೇಲೆ ಐದು ಸಲ ಓಡಿಸಿ, ಸರಾಸರಿ ದೂರಗಳನ್ನು ಹೋಲಿಸಿರಿ. ಬಳಿಕ ಮೈಗೆ 50 ಗ್ರಾಂ ಭಾರ ಕಟ್ಟಿ ಮತ್ತೆ ಐದು ಸಲ ಓಡಿಸಿರಿ. ಗೆಲ್ಲಿಸಿದ್ದು ಭಾರವೋ, ಅಚ್ಚೋ ಎಂಬುದನ್ನು ನಿಮ್ಮ ಅಳತೆಪಟ್ಟಿಯೇ ಹೇಳಲಿ.